ಸಹಿ ಹಾಕುವ ಮೊದಲು

ಸಹೋದರಿಯರೇ, ನಿಮ್ಮ ಮನೆಯಲ್ಲಿ ಬಸುರಿ ಹೆಣ್ಣುಮಗಳಿದ್ದರೆ ಇಂಥ ಸಂದರ್ಭ ಇಂದಲ್ಲ ನಾಳೆ ನಿಮಗೂ ಎದುರಾಗಬಹುದು. ಆಗ ನೀವು ನನ್ನ ಹಾಗೆ ತಬ್ಬಿಬ್ಬಾಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಕಳೆದ ವರ್ಷ ನನ್ನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಎಂಟನೇ ತಿಂಗಳು ನಡೆಯುತ್ತಿತ್ತು. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ತಪಾಸಣೆ ಮುಗಿಸಿ, ಔಷಧಿ ಚೀಟಿ ಹಿಡಿದು ಬೆಂಚಿನ ಮೇಲೆ ಕುಳಿತಿದ್ದೆವು. ಆಗ ಚಿಕ್ಕ ವಯಸ್ಸಿನ ವೈದ್ಯೆಯೊಬ್ಬರು ನಮ್ಮ ಬಳಿಗೆ ಬಂದರು. ಹೆರಿಗೆಯ ನಂತರ ರಕ್ತಸ್ರಾವ ತಡೆಯಲು ಈಗಾಗಲೇ ಬಳಕೆಯಲ್ಲಿರುವ ಎರಡು ಔಷಧಿಗಳಲ್ಲಿ ಯಾವುದು ಮೇಲೆಂದು ನೋಡುವ ಅಧ್ಯಯನ ನಡೆಯುತ್ತಿದೆ, ನಿಮ್ಮ ಮಗಳನ್ನು ಸೇರಿಸಿಕೊಳ್ಳಬಹುದೇ ಎಂದು ಕೇಳಿದರು. ಕೈಗೆ ನಾಲ್ಕೈದು ಪುಟಗಳ ಇಂಗ್ಲಿಷ್ ಕಾಗದ ಕೊಟ್ಟು, ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ, "ಇಲ್ಲಿ ಸಹಿ ಮಾಡಿದರೆ ಸಾಕು" ಎಂದರು. ಅವರಿಗೆ ಅವಸರವಿತ್ತು. ನಮ್ಮ ಹಿಂದೆ ಇನ್ನೂ ಇಪ್ಪತ್ತು ಜನ ಕಾಯುತ್ತಿದ್ದರು.

ನನಗೆ ಸಿಟ್ಟು ನೆತ್ತಿಗೇರಿತು. "ನನ್ನ ಮಗಳೇನು ಪ್ರಯೋಗದ ಇಲಿಯೇ?" ಎಂದುಬಿಟ್ಟೆ. ವೈದ್ಯೆಯ ಮುಖ ಸಣ್ಣಗಾಯಿತು. ಮಗಳು ಮಾತ್ರ ಏನೂ ಹೇಳಲಿಲ್ಲ. ಕಾಗದವನ್ನು ಮಡಚಿ ಚೀಲದಲ್ಲಿಟ್ಟುಕೊಂಡಳು. ಆಟೋದಲ್ಲಿ ಮನೆಗೆ ಬರುವಾಗ ಮೆಲ್ಲಗೆ ಕೇಳಿದಳು: "ಅಮ್ಮಿ, ನಿಮ್ಮ ಛೋಟಿ ಖಾಲಾ ಹೇಗೆ ತೀರಿಕೊಂಡರು?"

ಅವಳಿಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಆದರೆ ನಾನು ಎಂದೂ ಅದನ್ನು ಬಾಯಿಬಿಟ್ಟು ಪೂರ್ತಿ ಹೇಳಿರಲಿಲ್ಲ.

ಅದು 1978ರ ಮಳೆಗಾಲ. ನನಗೆ ಒಂಬತ್ತು ವರ್ಷ. ಬೈಲಹೊಂಗಲದ ಕಡೆಯ ಹಳ್ಳಿಯಲ್ಲಿ ನಾನಿಯ ಮನೆ. ಛೋಟಿ ಖಾಲಾ ಎರಡನೇ ಹೆರಿಗೆಗೆ ಬಂದಿದ್ದಳು. ಇಪ್ಪತ್ತೆರಡರ ಹುಡುಗಿ. ರಾತ್ರಿ ಮಗು ಹುಟ್ಟಿತು, ಹೆಣ್ಣುಮಗು. ಸೂಲಗಿತ್ತಿ ಬಿಸಿನೀರು ಕೇಳಿದಳು, ಯಾರೋ ಬೆಲ್ಲ ಹಂಚಿದರು, ನಮ್ಮನ್ನೆಲ್ಲ ಪಡಸಾಲೆಯಲ್ಲಿ ಮಲಗಿಸಿದರು. ನಡುರಾತ್ರಿ ಎಚ್ಚರವಾದಾಗ ನಾನಿ ಒಳಗಿನಿಂದ ಒಂದು ಕೌದಿಯನ್ನು ಮುದ್ದೆ ಮಾಡಿ ಹಿತ್ತಲಿಗೆ ಒಯ್ಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಇನ್ನೊಂದು. ಸೂಲಗಿತ್ತಿ, "ಹೋಗಲಿ ಬಿಡಿ ಬೀಬಿ, ಕೆಟ್ಟ ರಕ್ತ, ಹೋದಷ್ಟೂ ಒಳ್ಳೇದು" ಎನ್ನುತ್ತಿದ್ದದ್ದು ಗೋಡೆಯಾಚೆಯಿಂದ ಕೇಳಿಸಿತು. ಅವಳು ಕೆಟ್ಟವಳಲ್ಲ. ನನ್ನನ್ನೂ ಹೊರಗೆ ತಂದ ಕೈ ಅವಳದೇ. ಅವಳಿಗೆ ಅವಳ ತಾಯಿ ಹೇಳಿಕೊಟ್ಟದ್ದೇ ಅಷ್ಟು. ಚಕ್ಕಡಿ ಕಟ್ಟಿದಾಗ ಫಜ್ರ್‌ನ ಅಝಾನ್ ಆಗುತ್ತಿತ್ತು. ಖಾಲಾ ತಾಲೂಕು ಆಸ್ಪತ್ರೆ ತಲುಪಲಿಲ್ಲ.

"ಅಲ್ಲಾಹನ ಇಚ್ಛೆ" ಎಂದರು ಎಲ್ಲರೂ. ನಾನೂ ಹಾಗೆಯೇ ನಂಬಿದವಳು, ಈಗಲೂ ನಂಬುವವಳು. ಆದರೆ ನಾನಿ ಸಾಯುವತನಕ ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ಹೇಳುತ್ತಿದ್ದಳು: "ಮೊದಲ ಕೌದಿ ನೆನೆದಾಗಲೇ ಚಕ್ಕಡಿ ಕಟ್ಟಬೇಕಿತ್ತು."

ಅದೇ ವರ್ಷ ಜುಲೈಯಲ್ಲಿ ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು ಹುಟ್ಟಿತ್ತು. ಅಕ್ಟೋಬರಿನಲ್ಲಿ ನಮ್ಮದೇ ದೇಶದ ಕೊಲ್ಕತ್ತದಲ್ಲಿ ಡಾ. ಸುಭಾಷ್ ಮುಖ್ಯೋಪಾಧ್ಯಾಯರ ಪ್ರಯತ್ನದಿಂದ ಇನ್ನೊಂದು. ಗಾಜಿನ ತಟ್ಟೆಯಲ್ಲಿ ಜೀವ ಮೊಳಕೆಯೊಡೆಸುವ ಜ್ಞಾನ ಒಂದು ಕಡೆ, ಹೆತ್ತ ತಾಯಿಯ ರಕ್ತ ಎಷ್ಟು ಹೋಯಿತೆಂದು ಅಳೆಯಲು ಕೌದಿಯ ಹೊರತು ಬೇರೇನೂ ಇಲ್ಲದ ಮನೆ ಇನ್ನೊಂದು ಕಡೆ.

ಇಷ್ಟು ಹೇಳಿ ಮುಗಿಸಿದ ಮೇಲೂ ನನ್ನ ಮನಸ್ಸು ಒಪ್ಪಲಿಲ್ಲ. ಖಾಲಾ ಸತ್ತದ್ದಕ್ಕೂ ನನ್ನ ಮಗಳ ಮೇಲೆ ಪ್ರಯೋಗ ನಡೆಸುವುದಕ್ಕೂ ಏನು ಸಂಬಂಧ? ಆ ಶುಕ್ರವಾರ ನನ್ನ ತಮ್ಮನ ಮಗಳು ಬಂದಳು. ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವವಳು. ಮಗಳೇ ಕರೆಸಿದ್ದಳೆಂದು ಆಮೇಲೆ ತಿಳಿಯಿತು. "ಫುಪ್ಪು, ಸಿಟ್ಟು ಮಾಡಬೇಡಿ, ನಿಮ್ಮ ಜಿಲ್ಲೆಯದೇ ಕಥೆ ಹೇಳುತ್ತೇನೆ" ಎಂದು ಕುಳಿತಳು.

ಅವಳು ಹೇಳಿದ್ದನ್ನು, ಆಮೇಲೆ ನಾನೇ ಓದಿ ತಿಳಿದುಕೊಂಡದ್ದನ್ನು ನಿಮಗೆ ಹೇಳಬೇಕು.

ತುಂಬಿದ ಬಸುರಿನಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರ್ ಅಥವಾ ಅದಕ್ಕೂ ಹೆಚ್ಚು ರಕ್ತ ಹರಿಯುತ್ತದೆ. ಮಾಸು ಕಳಚಿದ ಕೂಡಲೇ ಗರ್ಭಕೋಶ ಮುಷ್ಟಿ ಬಿಗಿದಂತೆ ಗಟ್ಟಿಯಾಗಬೇಕು. ಆಗ ಸ್ನಾಯುಗಳೇ ರಕ್ತನಾಳಗಳನ್ನು ಹಿಚುಕಿ ಮುಚ್ಚುತ್ತವೆ. ಮುಷ್ಟಿ ಬಿಗಿಯದಿದ್ದರೆ ನಲ್ಲಿ ತೆರೆದಿಟ್ಟಂತೆ. ಆರೋಗ್ಯವಂತ ಹೆಂಗಸು ಒಂದೆರಡು ಗಂಟೆಯಲ್ಲಿ ಕೈತಪ್ಪಿ ಹೋಗಬಹುದು. ಗರ್ಭಕೋಶ ಬಿಗಿಯುವಂತೆ ಮಾಡಲು ಆಕ್ಸಿಟೋಸಿನ್ ಎಂಬ ಚುಚ್ಚುಮದ್ದು ಬಹಳ ಹಿಂದಿನಿಂದ ಇದೆ. ಆದರೆ ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು, ಚುಚ್ಚಲು ತಿಳಿದವರು ಬೇಕು. ಕರೆಂಟೇ ಇಲ್ಲದ ಹಳ್ಳಿಮನೆಯಲ್ಲಿ ಇದು ಆಗುವ ಮಾತೇ?

ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನ ವೈದ್ಯರು ಮತ್ತು ಅಮೆರಿಕದ ಅವರ ಜೊತೆಗಾರರು ಎತ್ತಿಕೊಂಡದ್ದು ಇದೇ ಪ್ರಶ್ನೆಯನ್ನು. ಹೊಟ್ಟೆಯ ಹುಣ್ಣಿಗೆಂದು ಬಂದ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆ ಗರ್ಭಕೋಶವನ್ನೂ ಬಿಗಿಸುತ್ತದೆಂದು ಗೊತ್ತಿತ್ತು. ಅದಕ್ಕೆ ಫ್ರಿಜ್ ಬೇಡ, ಸಿರಿಂಜ್ ಬೇಡ. ಮನೆಯಲ್ಲಿ, ಉಪಕೇಂದ್ರದಲ್ಲಿ ಹೆರುವ ಹೆಂಗಸಿಗೆ ಎ.ಎನ್.ಎಂ. ಸಿಸ್ಟರ್ ಅದನ್ನು ಬಾಯಿಗೆ ಕೊಟ್ಟರೆ ರಕ್ತಸ್ರಾವ ನಿಜವಾಗಿಯೂ ತಗ್ಗುತ್ತದೆಯೇ? 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆಂಗಸರು ಈ ಪ್ರಶ್ನೆಗೆ ಉತ್ತರ ಹುಡುಕಲು ಒಪ್ಪಿಕೊಂಡರು. ಚೀಟಿ ಎತ್ತಿದಂತೆ, 812 ಮಂದಿಗೆ ಔಷಧಿಯ ಮಾತ್ರೆ ಹೋಯಿತು, 808 ಮಂದಿಗೆ ನೋಡಲು ಹಾಗೆಯೇ ಇರುವ, ಒಳಗೆ ಔಷಧಿಯಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂದು ಸಿಸ್ಟರಿಗೂ ತಿಳಿಯದು, ಬಾಣಂತಿಗೂ ತಿಳಿಯದು.

ಇಲ್ಲಿ ನಾನು ಅವಳ ಮಾತನ್ನು ತಡೆದೆ. "ಔಷಧಿಯಿಲ್ಲದ ಮಾತ್ರೆಯೇ? ಹೆರುವ ಹೆಂಗಸಿಗೆ ಮೋಸವಲ್ಲವೇ ಅದು?"

ನಿಮಗೂ ಹಾಗೇ ಅನ್ನಿಸಿರಬಹುದು. ಇಂಥ ಪ್ರಶ್ನೆ ಕೇಳುವುದು ತಪ್ಪಲ್ಲ, ಕೇಳಲೇಬೇಕು. ಆದರೆ ಔಷಧಿಯಿಲ್ಲದ ಮಾತ್ರೆಯೂ ಇರುತ್ತದೆಂದು ಮೊದಲೇ ಹೇಳಿ ಒಪ್ಪಿಗೆ ಪಡೆದಿದ್ದರೆ ಅದು ಮೋಸವಾಗುವುದಿಲ್ಲ. ಹೇಳದೆ ಕೊಟ್ಟರೆ ಖಂಡಿತ ಮೋಸ. ಇನ್ನೊಂದು ಮಾತು. ಆಗ ಆ ಹಳ್ಳಿಮನೆಗಳಲ್ಲಿ ಹೆರುತ್ತಿದ್ದವರಿಗೆ ಗರ್ಭಕೋಶ ಬಿಗಿಸುವ ಯಾವ ಔಷಧಿಯೂ ಸಿಗುತ್ತಿರಲಿಲ್ಲ. ಮಾತ್ರೆ ಕೆಲಸ ಮಾಡುತ್ತದೋ, ಚಳಿಜ್ವರ ಮಾತ್ರ ತರುತ್ತದೋ ಯಾರಿಗೂ ಖಚಿತವಿರಲಿಲ್ಲ.

ರಕ್ತವನ್ನು ಅಳೆದದ್ದು ಹೇಗೆ ಗೊತ್ತೇ? ಈ ಭಾಗ ಕೇಳಿದ ಮೇಲೆಯೇ ನಾನು ನೆಟ್ಟಗೆ ಕುಳಿತದ್ದು. ಒಂದು ಪ್ಲಾಸ್ಟಿಕ್ ಹಾಳೆ. ಮಗು ಹೊರಬಂದ ಮೇಲೆ ಅದನ್ನು ಬಾಣಂತಿಯ ಕೆಳಗೆ ಹಾಸಿ ಸೊಂಟಕ್ಕೆ ಕಟ್ಟುತ್ತಾರೆ. ಕೆಳತುದಿಯಲ್ಲಿ ಆಲಿಕೆಯಾಕಾರದ ಚೀಲ, ಅದರ ಮೇಲೆ ಹಾಲಿನ ಅಳತೆಪಾತ್ರೆಯ ಹಾಗೆ ಗೆರೆಗಳು. ರಕ್ತ ಅದರಲ್ಲಿ ಇಳಿಯುತ್ತದೆ, ಸಿಸ್ಟರ್ ಗೆರೆ ನೋಡಿ ಬರೆದುಕೊಳ್ಳುತ್ತಾಳೆ. ಅದನ್ನು ರೂಪಿಸಿದವರ ಹೆಸರಿನ ಮೊದಲಕ್ಷರಗಳನ್ನೇ ಸೇರಿಸಿ ಬ್ರಾಸ್-ವಿ ಎಂದು ಹೆಸರಿಟ್ಟರು. ಕಣ್ಣಂದಾಜು ಎಷ್ಟು ಮೋಸ ಮಾಡುತ್ತದೆಂದೂ ಅಲ್ಲಿಯೇ ಪರೀಕ್ಷೆ ನಡೆಯಿತು. ಹಾಳೆಯಲ್ಲಿ ಕಂಡದ್ದಕ್ಕಿಂತ ಕಣ್ಣಂದಾಜು ಮೂರನೇ ಒಂದು ಪಾಲಿನಷ್ಟು ಕಡಿಮೆ ಬಂತು. ತರಬೇತಿ ಪಡೆದವರ ಕಣ್ಣೇ ಹೀಗಾದರೆ ಎಣ್ಣೆಬುಡ್ಡಿಯ ಬೆಳಕಿನಲ್ಲಿ ನನ್ನ ನಾನಿಯ ಕಣ್ಣು ಏನು ಮಾಡೀತು?

ಫಲಿತಾಂಶ 2006ರ ಅಕ್ಟೋಬರಿನಲ್ಲಿ ಲ್ಯಾನ್ಸೆಟ್ ಎಂಬ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅರ್ಧ ಲೀಟರ್ ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋದವರು ಔಷಧಿಯಿಲ್ಲದ ಗುಂಪಿನಲ್ಲಿ ನೂರಕ್ಕೆ 12, ಔಷಧಿ ಪಡೆದವರಲ್ಲಿ ನೂರಕ್ಕೆ 6.4. ಒಂದು ಲೀಟರಿನಷ್ಟು ಹೋಗುವ ಗಂಡಾಂತರ ನೂರಕ್ಕೆ 1.2ರಿಂದ 0.2ಕ್ಕೆ ಇಳಿದಿತ್ತು. ಮಾತ್ರೆ ನುಂಗಿದವರಿಗೆ ನಡುಕ, ಜ್ವರ ಹೆಚ್ಚು ಬಂದದ್ದು ನಿಜ, ಆದರೆ ಅದು ಸ್ವಲ್ಪ ಹೊತ್ತಿನದು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆಯ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಚುಚ್ಚುಮದ್ದು ಸಿಗುವ ಕಡೆ ಚುಚ್ಚುಮದ್ದೇ ಮೊದಲು, ಸಿಗದ ಕಡೆ ಈ ಮಾತ್ರೆ. ದಯವಿಟ್ಟು ಇದನ್ನು ಓದಿ ಯಾರೂ ಅಂಗಡಿಯಿಂದ ತಂದಿಡಬೇಡಿ. ಮಗು ಹೊಟ್ಟೆಯಲ್ಲಿರುವಾಗ ಅದನ್ನು ನುಂಗಿದರೆ ತಾಯಿಗೂ ಮಗುವಿಗೂ ಪ್ರಾಣಾಪಾಯ.

ಅಳೆಯುವ ಹಾಳೆಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾ ದೇಶಗಳ 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ಇಂಥದ್ದೇ ಗೆರೆ ಹಾಕಿದ ಹಾಳೆಯನ್ನಿಟ್ಟು ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಹಾಳೆಯಲ್ಲಿ ಅಳೆದು, ಗೆರೆ ದಾಟಿದ ಕೂಡಲೇ ಎಲ್ಲ ಚಿಕಿತ್ಸೆಯನ್ನು ಒಟ್ಟಿಗೆ ಶುರುಮಾಡಿದ ಆಸ್ಪತ್ರೆಗಳಲ್ಲಿ ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವ ಶಸ್ತ್ರಚಿಕಿತ್ಸೆ ಅಥವಾ ಸಾವು ನೂರಕ್ಕೆ 1.6. ಹಳೆಯ ರೀತಿಯಲ್ಲೇ ನಡೆದ ಕಡೆ 4.3. ಕಣ್ಣಂದಾಜಿನವರು ರಕ್ತಸ್ರಾವದ ಪ್ರಕರಣಗಳಲ್ಲಿ ಅರ್ಧದಷ್ಟನ್ನು ಗುರುತಿಸಿಯೇ ಇರಲಿಲ್ಲ. 2025ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇನ್ನೂ ಮುಂದೆ ಹೋಯಿತು. ಅರ್ಧ ಲೀಟರ್ ಆಗುವತನಕ ಕಾಯಬೇಡಿ, 300 ಮಿಲಿಲೀಟರ್ ದಾಟಿ ನಾಡಿಯೋ ರಕ್ತದೊತ್ತಡವೋ ಏರುಪೇರಾದರೆ ಆಗಲೇ ಎದ್ದು ನಿಲ್ಲಿ ಎಂದಿತು. ಮೊದಲ ಕೌದಿಗೇ ಚಕ್ಕಡಿ ಕಟ್ಟಬೇಕಿತ್ತೆಂದ ನಾನಿಯ ಮಾತೂ ಇದೇ ಅಲ್ಲವೇ?

ನಮ್ಮ ದೇಶದಲ್ಲಿ 2001-03ರ ಹೊತ್ತಿಗೆ ಒಂದು ಲಕ್ಷ ಜೀವಂತ ಜನನಕ್ಕೆ 301 ತಾಯಂದಿರು ಸಾಯುತ್ತಿದ್ದರು. 2018-20ಕ್ಕೆ ಅದು 97ಕ್ಕೆ ಇಳಿದಿತ್ತು. ಆಸ್ಪತ್ರೆ ಹೆರಿಗೆ, ಆಂಬುಲೆನ್ಸ್, ಆಶಾ ಕಾರ್ಯಕರ್ತೆಯರ ಓಡಾಟ ಎಲ್ಲವೂ ಇದರಲ್ಲಿ ಸೇರಿದೆ. ಆದರೆ ಯಾವ ಔಷಧಿ, ಯಾವಾಗ, ಎಷ್ಟು ಎಂಬುದು ಗೊತ್ತಾದದ್ದು ಬೆಳಗಾವಿಯ ಆ 1,620 ಮಂದಿಯಂಥವರಿಂದ. ಅವರ ಹೆಸರು ಎಲ್ಲಿಯೂ ಅಚ್ಚಾಗಿಲ್ಲ. ಅಚ್ಚಾಗಬಾರದು ಕೂಡ, ನಿಯಮವೇ ಹಾಗೆ. ಅವರಲ್ಲಿ ಎಷ್ಟೋ ಜನ ಹೆಬ್ಬೆಟ್ಟು ಒತ್ತಿದವರಿರಬೇಕು.

ಮಗಳ ಚಿಂತೆ ಬೇರೆಯೇ ಇತ್ತು. "ನನಗೆ ಕಡಿಮೆ ಕೆಲಸ ಮಾಡುವ ಔಷಧಿ ಬಂದರೆ?" ಎಂದು ಕೇಳಿದಳು. ಯಾವುದು ಕಡಿಮೆ ಎಂದು ಮೊದಲೇ ಗೊತ್ತಿದ್ದರೆ ಅಧ್ಯಯನವೇ ಬೇಕಿರಲಿಲ್ಲ ಎಂದಳು ನನ್ನ ಸೊಸೆಯಂಥ ಆ ಹುಡುಗಿ, ಇನ್ನೊಂದು ಪ್ರಸಂಗವನ್ನೂ ಹೇಳಿದಳು. ದಿನ ತುಂಬುವ ಮೊದಲೇ ಹೆರಿಗೆ ಆಗುವಂತಿದ್ದರೆ ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ, ಮಗುವಿನ ಶ್ವಾಸಕೋಶ ಬಲಿಯಲೆಂದು. ನ್ಯೂಜಿಲೆಂಡಿನಲ್ಲಿ ನಡೆದ ಅಧ್ಯಯನವೊಂದು 1972ರಲ್ಲೇ ಇದನ್ನು ತೋರಿಸಿಕೊಟ್ಟಿತ್ತು. ಸರಿ, ಒಳ್ಳೆಯ ಔಷಧಿಯಲ್ಲವೇ, ಹಳ್ಳಿ ಹಳ್ಳಿಗೂ ಮುಟ್ಟಿಸೋಣ ಎಂದು ಬೆಳಗಾವಿ, ನಾಗಪುರವೂ ಸೇರಿದಂತೆ ಆರು ದೇಶಗಳಲ್ಲಿ ಸುಮಾರು ಒಂದು ಲಕ್ಷ ಹೆರಿಗೆಗಳಲ್ಲಿ ಪರೀಕ್ಷಿಸಿದರು. ಎಲ್ಲರೂ ಶಿಶುಮರಣ ಇಳಿಯುತ್ತದೆ ಎಂದುಕೊಂಡಿದ್ದರು. ಏರಿತು! ಔಷಧಿ ಮುಟ್ಟಿಸಿದ ಪ್ರದೇಶಗಳಲ್ಲಿ ಸಾವಿರಕ್ಕೆ 27.4, ಎಂದಿನಂತೆ ನಡೆದ ಕಡೆ 23.9. ದಿನಗಳ ಲೆಕ್ಕವೇ ಸರಿಯಿಲ್ಲದ ಕಡೆ, ಬೇಕಿಲ್ಲದ ತಾಯಂದಿರಿಗೂ ಚುಚ್ಚುಮದ್ದು ಹೋಗಿತ್ತು. ಮುಂದೆ ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ, ಸ್ಕ್ಯಾನಿಂಗ್ ಮಾಡಿ ದಿನ ಎಣಿಸಿ, ಹುಟ್ಟಿದ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆಯಿರುವ ಕಡೆ ಮಾತ್ರ ಕೊಟ್ಟು ನೋಡಿದರು. 2020ರಲ್ಲಿ ಬಂದ ಫಲಿತಾಂಶದಲ್ಲಿ ಮಕ್ಕಳು ಉಳಿದಿದ್ದರು, ಲಾಭ ಸ್ಪಷ್ಟವಾಗಿ ಕಂಡದ್ದರಿಂದ ಅಧ್ಯಯನವನ್ನೇ ನಡುವೆ ನಿಲ್ಲಿಸಿದ್ದರು. ಅದೇ ಔಷಧಿ, ಒಂದು ಕಡೆ ಹಾನಿ, ಒಂದು ಕಡೆ ಜೀವದಾನ. ಇದನ್ನು ಕೇಳಿದ ಮೇಲೆ "ಔಷಧಿ ಸಿಗದವರು ನತದೃಷ್ಟರು" ಎಂದು ನಾನು ಸಲೀಸಾಗಿ ಹೇಳಲಾರೆ.

ಬಸುರಿಯರನ್ನು ಅಧ್ಯಯನಗಳಿಂದ ದೂರ ಇಡುವುದೇ ಕ್ಷೇಮವೆಂದು ಜಗತ್ತು ಬಹಳ ಕಾಲ ನಂಬಿತ್ತು. 1961ರಲ್ಲಿ ಥಾಲಿಡೊಮೈಡ್ ಎಂಬ ಮಾತ್ರೆಯ ಅನಾಹುತ ಬೆಳಕಿಗೆ ಬಂದ ಮೇಲೆ ಈ ಭಯ ಇನ್ನೂ ಗಟ್ಟಿಯಾಯಿತು. ಬೆಳಗಿನ ವಾಕರಿಕೆಗೆಂದು ಬಸುರಿಯರು ನುಂಗಿದ ಮಾತ್ರೆಯಿಂದ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಅಂಗವಿಕಲರಾಗಿ ಹುಟ್ಟಿದ್ದರು. ವಿಪರ್ಯಾಸವೆಂದರೆ, ಆ ಮಾತ್ರೆಯನ್ನು ಮಾರುವ ಮೊದಲು ಬಸುರಿಯರಲ್ಲಿ ಸರಿಯಾಗಿ ಪರೀಕ್ಷಿಸಿಯೇ ಇರಲಿಲ್ಲ. ಕೊರೊನಾ ಕಾಲ ನೆನಪಿದೆಯಲ್ಲ? ಲಸಿಕೆಯ ಮೊದಲ ಪರೀಕ್ಷೆಗಳಲ್ಲಿ ಬಸುರಿಯರನ್ನು ಸೇರಿಸಿಕೊಳ್ಳಲಿಲ್ಲ. ಹಾಗಾಗಿ ಕೊಡಬೇಕೋ ಬೇಡವೋ ಯಾರಿಗೂ ಗೊತ್ತಿಲ್ಲದೆ, ನಮ್ಮ ದೇಶದಲ್ಲಿ ಬಸುರಿಯರಿಗೆ ಲಸಿಕೆಗೆ ಅನುಮತಿ ಸಿಕ್ಕಿದ್ದು 2021ರ ಜುಲೈಯಲ್ಲಿ. ಎರಡನೇ ಅಲೆ ಅಷ್ಟರಲ್ಲಿ ಬಂದು ಹೋಗಿತ್ತು. ನಮ್ಮ ಓಣಿಯಲ್ಲೇ ಏಳು ತಿಂಗಳ ಬಸುರಿಯೊಬ್ಬಳನ್ನು ಆ ಮೇ ತಿಂಗಳಲ್ಲಿ ಕಳೆದುಕೊಂಡೆವು.

ನನ್ನ ನಾದಿನಿಯ ಮಾತೂ ಇಲ್ಲಿ ಬರಬೇಕು. ಒಂಬತ್ತು ವರ್ಷ ಮಕ್ಕಳಿಲ್ಲದೆ ಬಂಜೆತನದ ಚಿಕಿತ್ಸೆಗೆ ಅಲೆದವಳು. ಭ್ರೂಣ ಒಳಗೆ ಬಿಡುವ ಮೊದಲು ಗರ್ಭಕೋಶದ ಒಳಪದರವನ್ನು ಸ್ವಲ್ಪ ಕೆರೆದರೆ ಮಗು ನಿಲ್ಲುತ್ತದೆಂದು ಹೇಳಿ ಒಂದು ಕಡೆ ಬೇರೆಯಾಗಿ ಹಣ ಕಟ್ಟಿಸಿಕೊಂಡರು. ಒಂದು ಚಿನ್ನದ ಬಳೆ ಅದಕ್ಕೇ ಹೋಯಿತು. ನೋವು ಬೇರೆ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 1,364 ಹೆಂಗಸರನ್ನು ಎರಡು ಪಾಲು ಮಾಡಿ ನೋಡಿದ್ದರು. ಕೆರೆಸಿಕೊಂಡವರಲ್ಲಿ ಮಗು ಹುಟ್ಟಿದ್ದು ನೂರಕ್ಕೆ 26.1, ಕೆರೆಸಿಕೊಳ್ಳದವರಲ್ಲೂ 26.1. ಅಲ್ಲಿ ಅವಳಿಂದ ಯಾರೂ ಅಧ್ಯಯನಕ್ಕೆ ಸಹಿ ಕೇಳಿರಲಿಲ್ಲ. ಬಿಲ್ಲು ಮಾತ್ರ ಕೊಟ್ಟಿದ್ದರು. ಪ್ರಯೋಗದ ಇಲಿ ಯಾರೆಂದು ಆಮೇಲೆ ನಾನು ಬಹಳ ಯೋಚಿಸಿದೆ.

ಹಾಗೆಂದು ಕೇಳಿದವರಿಗೆಲ್ಲ ಸಹಿ ಹಾಕಿಕೊಡಿ ಎನ್ನುತ್ತಿಲ್ಲ. ಮರುವಾರ ನಾವು ಮತ್ತೆ ಆಸ್ಪತ್ರೆಗೆ ಹೋದಾಗ ಮಗಳು ಆ ವೈದ್ಯೆಯನ್ನು ಹುಡುಕಿ, "ನನಗೆ ಕನ್ನಡದ ಪ್ರತಿ ಕೊಡಿ" ಎಂದಳು. ಕನ್ನಡದ್ದು ಇತ್ತು! ಕಪಾಟಿನಲ್ಲಿತ್ತು. ಅರ್ಥವಾಗುವ ಭಾಷೆಯಲ್ಲಿ ತಿಳಿಸುವುದು ಅವರ ಕರ್ತವ್ಯ, ನಮ್ಮ ಮೇಲಿನ ಉಪಕಾರವಲ್ಲ. ಓದುಬರಹ ಬಾರದವರಾದರೆ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿಯ ಎದುರು ಓದಿ ಹೇಳಬೇಕು. ಮಗಳು ಅಲ್ಲೇ ಕುಳಿತು ಓದಿದಳು, ಮನೆಗೂ ತಂದು ಓದಿದಳು. ಅಧ್ಯಯನವನ್ನು ಸರ್ಕಾರದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ದಾಖಲಿಸಿದ ಸಂಖ್ಯೆ ಅದರಲ್ಲಿತ್ತು. ಈ ರಿಜಿಸ್ಟ್ರಿ 2007ರಲ್ಲಿ ಶುರುವಾದದ್ದು. 2009ರಿಂದ ಔಷಧಿ ಪರೀಕ್ಷೆಗಳ ನೋಂದಣಿ ಕಡ್ಡಾಯ. ನೈತಿಕ ಸಮಿತಿಯ ಒಪ್ಪಿಗೆ, ದೂರಿದ್ದರೆ ಕರೆ ಮಾಡಬೇಕಾದ ಫೋನ್ ನಂಬರ್, ಅಧ್ಯಯನದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರದ ಮಾತು, ಯಾವಾಗ ಬೇಕಾದರೂ ಹೊರಬರಬಹುದು, ಬಂದರೂ ಚಿಕಿತ್ಸೆಯಲ್ಲಿ ಭೇದವಿಲ್ಲ ಎಂಬ ಮಾತು ಎಲ್ಲವೂ ಇದ್ದವು. ಇವುಗಳಲ್ಲಿ ಯಾವುದೊಂದು ಇಲ್ಲದಿದ್ದರೂ ಎದ್ದು ಬನ್ನಿ.

ನನಗೆ ಮುಜುಗರವಾದದ್ದು ಇನ್ನೊಂದು ಕಡೆ. "ಅಳಿಯನನ್ನು ಕೇಳಿದೆಯಾ?" ಎಂದೆ. "ಹೇಳಿದ್ದೇನೆ, ಅಮ್ಮಿ. ನಿಮಗೂ ಹೇಳುತ್ತಿದ್ದೇನೆ. ಆದರೆ ಸಹಿ ನನ್ನದು" ಎಂದಳು. ನಿಯಮವೂ ಅದೇ. ಗಂಡನಾಗಲಿ, ಅತ್ತೆಯಾಗಲಿ, ತಾಯಿಯಾಗಲಿ ಅವಳ ಬದಲು ಸಹಿ ಹಾಕುವಂತಿಲ್ಲ. ಬೆಂಚಿನ ಮೇಲೆ ಕುಳಿತು ನಾನು ಸಿಟ್ಟಾದ ದಿನ, ಆ ವೈದ್ಯೆ ಕಾಗದ ಚಾಚಿದ್ದು ನನ್ನ ಕಡೆಗೆ, ಉತ್ತರ ಕೊಟ್ಟವಳೂ ನಾನೇ. ಹೆರಬೇಕಾದವಳನ್ನು ಇಬ್ಬರೂ ಕೇಳಿರಲಿಲ್ಲ.

ಅವಳು ಸಹಿ ಹಾಕಿದಳು.

ಹೆರಿಗೆ ರಾತ್ರಿ ಎರಡು ಗಂಟೆಗೆ ಆಯಿತು, ಗಂಡುಮಗು. ನಾನು ಬಾಗಿಲ ಹೊರಗೆ ತಸ್ಬೀಹ್ ಹಿಡಿದು ಕುಳಿತಿದ್ದೆ. ಮಗುವಿನ ಅಳು ಕೇಳಿದ ಮೇಲೂ ನನ್ನ ಎದೆಬಡಿತ ಇಳಿಯಲಿಲ್ಲ. ಆ ರಾತ್ರಿ ನಾನಿಯ ಮನೆಯಲ್ಲೂ ಮಗು ಅತ್ತಿತ್ತು. ಒಂದು ಗಂಟೆ ಕಳೆದು ಸಿಸ್ಟರ್ ಹೊರಬಂದಾಗ ಮಗು ಎಷ್ಟು ತೂಕವೆಂದು ಕೇಳುವ ಮೊದಲು ರಕ್ತ ಎಷ್ಟು ಹೋಯಿತೆಂದು ಕೇಳಿದೆ. ಆಕೆ ವಿಚಿತ್ರವಾಗಿ ನನ್ನನ್ನು ನೋಡಿ, ಕೈಯಲ್ಲಿದ್ದ ಹಾಳೆ ತಿರುಗಿಸಿ, "ಇನ್ನೂರಾ ಎಂಬತ್ತು ಎಂ.ಎಲ್., ನಾಡಿ ಚೆನ್ನಾಗಿದೆ" ಎಂದಳು. ಅವಳಿಗೆ ಸಿಕ್ಕಿದ್ದು ಯಾವ ಔಷಧಿ ಎಂದು ನಮಗೆ ಇಂದಿಗೂ ತಿಳಿದಿಲ್ಲ.

ಬೆಳಿಗ್ಗೆ ಗೋಕಾಕಿಗೆ ಫೋನ್ ಮಾಡಿದೆ, ಖಾಲಾಳ ಆ ಮಗಳಿಗೆ. ನಾನಿಯ ಕೈಯಲ್ಲಿ ಮೇಕೆಯ ಹಾಲು ಕುಡಿದು ಬೆಳೆದವಳು, ಈಗ ಅವಳಿಗೇ ಮೊಮ್ಮಕ್ಕಳು. ಮಗು, ಬಾಣಂತಿ ಇಬ್ಬರೂ ಕ್ಷೇಮ, ರಕ್ತ ಇನ್ನೂರಾ ಎಂಬತ್ತು ಅಷ್ಟೇ ಹೋಗಿದೆ ಎಂದೆ. ಆಚೆ ಸ್ವಲ್ಪ ಹೊತ್ತು ಮಾತಿಲ್ಲ.

"ಆಪಾ, ನಮ್ಮ ಅಮ್ಮಿಯದು ಎಷ್ಟು ಹೋಗಿತ್ತು?" ಎಂದಳು.

ಎರಡು ಕೌದಿ ಎಂದೆ.